ಟೋರ್ಗೈರನ ಎರಡೂ ಕಿವಿ

ಬೆಳಗಿನ ಆರೂವರೆ. ರಾತ್ರಿ ಬಿದ್ದ ಹಿಮವನ್ನು ಗುನ್ವೋರ್ ಬೆಟ್ಟ ಹತ್ತಿಸುವ ಲಿಫ್ಟಿನ ಕಟ್ಟೆಯಿಂದ ಸಲಿಕೆಯಲ್ಲಿ ಎತ್ತಿ ಎತ್ತಿ ಎಸೆಯುತ್ತಿದ್ದಾರೆ. ಈಸ್ಟರ್ ವಾರ. ಇನ್ನೆರಡು ತಾಸಿಗೆ ಊರಿಗೆ ಊರೇ ಹಿಮದ ಮೇಲೆ ಜಾರುವ ಸ್ಕೀ ಹಲಗೆ ಹೊತ್ತು ಬರುತ್ತದೆ. ಅವರನ್ನೆಲ್ಲ ಲಿಫ್ಟಿಗೆ ಹತ್ತಿಸಿ ಬೆಟ್ಟದ ನೆತ್ತಿಗೆ ಕಳಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವರ ಕೆಲಸ.

ಸಲಿಕೆ ಒರಗಿಸಿ ಕೋಟಿನೊಳಗಿಂದ ಸನ್‌ಸ್ಕ್ರೀನ್ ಟ್ಯೂಬು ತೆಗೆಯುತ್ತಾರೆ. ಹೊರಗಿಟ್ಟರೆ ಹೆಪ್ಪುಗಟ್ಟುತ್ತದೆ. ಎರಡು ಬೆರಳುದ್ದ ಹಿಂಡಿ ಮುಖ, ಕಿವಿ, ಕತ್ತು, ಗದ್ದದ ಅಡಿ, ಮೂಗಿನ ಕೆಳಗೂ ಹಚ್ಚಿಕೊಳ್ಳುತ್ತಾರೆ. ಆಮೇಲೆ ಜೊತೆಗಾರ ಟೋರ್ಗೈರನ ಸರದಿ.

"ಬೇಡ ಕಣೇ ಮಾರಾಯ್ತಿ! ಮದುಮಗನ ಥರ ಕಾಣ್ತೀನಿ."

"ಅರವತ್ತಕ್ಕೆ ನಿನ್ನ ಯಾರು ನೋಡೋಕೆ ಬರ್ತಾರೆ? ಟೋಪಿ ಎತ್ತು, ಕಿವಿ ತೋರ್ಸು."

ಗದ್ದದ ಅಡಿಗೂ ಯಾಕೆ ಎಂದರೆ ಗುನ್ವೋರ್ ಹೇಳುತ್ತಾರೆ: "ಬಿಸಿಲು ಮೇಲಿಂದ ಮಾತ್ರ ಬೀಳುತ್ತೆ ಅಂದ್ಕೊಂಡಿದ್ದಾರೆ ಜನ. ಈ ಹಿಮ ಅದನ್ನ ಕೆಳಗಿಂದ್ಲೂ ಮುಖಕ್ಕೆ ಎಸೆಯುತ್ತೆ. ನಂಗೂ ಗೊತ್ತಿರ್ಲಿಲ್ಲ."

ಅವರ ಎಡಗಿವಿಯ ಮೇಲಂಚು ಇಲ್ಲ. ನಾಲ್ಕು ವರ್ಷದ ಹಿಂದೆ ಅಲ್ಲೊಂದು ಹಕ್ಕಳೆ ಎದ್ದಿತ್ತು. ಚಳಿಗೆ ಒಡೆದದ್ದು ಎಂದು ಸುಮ್ಮನಿದ್ದರು. ಅದು ವಾಸಿಯಾಗಲೇ ಇಲ್ಲ. ವೈದ್ಯರು ಚರ್ಮದ ಕ್ಯಾನ್ಸರ್ ಎಂದರು, ಕತ್ತರಿಸಿದರು.

ಈಗ ಕೇಳಿ. ಕಂಪನಿ ಹೆಲ್ಮೆಟ್ಟು ಕೊಡುತ್ತದೆ, ಕೈಗವಸು ಕೊಡುತ್ತದೆ, ಜಾರದಂತೆ ಬೂಟಿಗೆ ಮುಳ್ಳನ್ನೂ ಕೊಡುತ್ತದೆ. ಸನ್‌ಸ್ಕ್ರೀನ್ ಕೇಳಿದರೆ ಮಾತ್ರ ಮೇಲ್ವಿಚಾರಕ ಐವಿನ್, "ಅದು ಸೌಂದರ್ಯ ಸಾಧನ, ಅವರವರೇ ತಂದ್ಕೋಬೇಕು" ಅನ್ನುತ್ತಾನೆ! ಗುನ್ವೋರ್ ಮೂರು ಸಲ ಬರೆದುಕೊಟ್ಟಿದ್ದಾರೆ, ಮೂರು ಸಲವೂ ಅದೇ ಉತ್ತರ. ದಿನಕ್ಕೆ ಒಂಬತ್ತು ತಾಸು ಬಯಲಲ್ಲಿ ನಿಲ್ಲಿಸುವವರಿಗೆ, ಹೋದ ಕಿವಿಯೂ ಸೌಂದರ್ಯದ ವಿಷಯವಂತೆ. ಹೊಟ್ಟೆ ಉರಿಯುವುದಿಲ್ಲವೇ?

ಸ್ಕೀ ಆಡಲು ಬಂದವರೇನು ಕಮ್ಮಿಯಲ್ಲ. ಈ ಉತ್ತರದ ನಾಡಿನಲ್ಲಿ ಚಳಿಗಾಲವಿಡೀ ಕತ್ತಲಲ್ಲಿ ಕೂತವರಿಗೆ ಈಸ್ಟರಿನಲ್ಲಿ ಮುಖ ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗದಿದ್ದರೆ ರಜೆಯೇ ದಂಡ. ಬಿಸಿಲು ಬೀಳುವ ಗೋಡೆ ಹುಡುಕಿ ಒರಗಿ, ಕಿತ್ತಳೆ ಸುಲಿಯುತ್ತಾ ಸೂರ್ಯನಿಗೆ ಮುಖ ಒಡ್ಡಿ ಕೂರುತ್ತಾರೆ. ಗುನ್ವೋರ್ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿಕೊಳ್ಳುವುದನ್ನು ನೋಡಿ ನಗುವವರೂ ಇವರೇ.

ಮಧ್ಯಾಹ್ನ ಐವಿನ್ ಬರುತ್ತಾನೆ. ಮೂಗು ಕೆಂಪೇರಿ ಸಿಪ್ಪೆ ಏಳುತ್ತಿದೆ.

"ಗುನ್ವೋರ್, ಒಂಚೂರು ಕ್ರೀಮ್ ಇದ್ಯಾ? ಉರೀತಿದೆ."

"ಯಾವ್ದು, ಸೌಂದರ್ಯ ಸಾಧನಾನಾ?"

ಸಾಲಿನಲ್ಲಿ ನಿಂತವರು ಗೊಳ್ಳೆನ್ನುತ್ತಾರೆ. ಗುನ್ವೋರ್ ನಗುವುದಿಲ್ಲ. "ಸುಟ್ಮೇಲೆ ಹಚ್ಚಿದ್ರೆ ಏನ್ ಬಂತೋ? ಮೊದ್ಲು ನೆರಳಿಗೆ ನಡಿ. ನಾಳೆ ಮನೆ ಬಿಡೋಕೆ ಮುಂಚೇನೇ ಹಚ್ಕೊಂಡ್ ಬಾ," ಎನ್ನುತ್ತಾ ಟ್ಯೂಬನ್ನು ಅವನ ಕೈಗೇ ಇಡುತ್ತಾರೆ. ಐವಿನ್ ತಲೆ ತಗ್ಗಿಸಿ ಲಿಫ್ಟಿನ ಪಕ್ಕದ ಗುಡಿಸಲಿನ ನೆರಳಿಗೆ ಹೋಗುತ್ತಾನೆ.

ಕಂಪನಿಯಿಂದ ಏನು ಬೇಕು ಎಂದರೆ ಗುನ್ವೋರ್ ಹೇಳುತ್ತಾರೆ:

"ಮುಂದಿನ ಚಳಿಗಾಲಕ್ಕೆ ಕೈಗವಸಿನ ಪಕ್ಕದಲ್ಲಿ ಈ ಕ್ರೀಮಿಂದೂ ಒಂದು ಡಬ್ಬ ಇಟ್ರೆ ಸಾಕು. ನನ್ ಕಿವಿ ಹೋಗಿದ್ದು ಹೋಯ್ತು," ಎಂದವರೇ ಪಕ್ಕದಲ್ಲಿದ್ದ ಟೋರ್ಗೈರನ ಟೋಪಿಯನ್ನು ಸರಕ್ಕನೆ ಕಿತ್ತು ತೋರಿಸುತ್ತಾರೆ. "ನಾಲ್ಕು ವರ್ಷ ದಿನಾ ಜಗಳ ಆಡಿದ್ದೀನಿ ಇವ್ನ ಜೊತೆ. ನೋಡಿ, ಎರಡೂ ಪೂರ್ತಿ ಇವೆ."