ಗೋಡೆಯಿಂದ ಕಿತ್ತ ತೆಂಗಿನ ಗರಿ

ಒಣಗಿದ ತೆಂಗಿನ ಗರಿ ಉರಿಯುವ ವಾಸನೆ ಬಂದರೆ ನಾನು ಈಗಲೂ ಎದ್ದು ಕಿಟಕಿ ಮುಚ್ಚುತ್ತೇನೆ. ಗೋವೆಯ ಫೋಂಡಾದಲ್ಲಿ ಮೇ ತಿಂಗಳ ಸಂಜೆ ಯಾರಾದರೊಬ್ಬರು ಅಂಗಳದ ಕಸಕ್ಕೆ ಬೆಂಕಿ ಇಟ್ಟೇ ಇಡುತ್ತಾರೆ. ಆ ಹೊಗೆ ಮೂಗಿಗೆ ತಾಗಿದೊಡನೆ ನಾನು ಕುಂಡಯಿ ಹತ್ತಿರದ ಆ ಮಣ್ಣಿನ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಶನಿವಾರದ ಇಳಿಹೊತ್ತು. ಅಪ್ಪ ಕಾರ್ಖಾನೆಯಿಂದ ಇನ್ನೂ ಬಂದಿಲ್ಲ. ಮೇಲಿನ ಮೆಟ್ಟಿಲಲ್ಲಿ ಅವ್ವ, ಅವಳ ಮೊಣಕಾಲುಗಳ ನಡುವೆ ಅಕ್ಕ ಗಿರಿಜಾ, ಕೆಳಗೆ ಹಲಸಿನ ತೊಳೆ ತಿನ್ನುತ್ತ ನಾನು. ಅಕ್ಕನಿಗೆ ಹದಿನಾಲ್ಕು, ನನಗೆ ಹತ್ತು. ನಮ್ಮ ಮನೆಯ ಕೊನೆಯ ಸಾದಾ ದಿನ ಅದು. ಎಣ್ಣೆ ಹಚ್ಚುತ್ತಿದ್ದ ಅವ್ವ ಅಕ್ಕನ ಜಡೆ ಎತ್ತಿದವಳು ಹಾಗೇ ಕೈ ತಡೆದಳು. ಕುತ್ತಿಗೆಯ ಹಿಂದೆ ಕೆಂಪು ಗುಳ್ಳೆಗಳ ಒಂದು ಸಾಲು. “ಜ್ಯಾಡ ಉಚ್ಚಿ ಹೊಯ್ದೈತಿ,” ಅಂದಳು. ನಮ್ಮ ಧಾರವಾಡದ ಕಡೆ ಅಂಥ ಗುಳ್ಳೆ ಎದ್ದರೆ ಹಾಗೇ ಅನ್ನುವುದು. ಅಕ್ಕ ಅಳತೊಡಗಿದಳು. ಬೇರೆಯವರು ಹಾವಿಗೆ ಹೆದರುವಂತೆ ಅವಳು ಜೇಡಕ್ಕೆ ಹೆದರುತ್ತಿದ್ದಳು. ಆ ಮನೆಗೆ ಬಂದ ಒಂದು ವರ್ಷವೂ ಯಾವ ಗೋಡೆಗೂ ತಾಗದಂತೆ ಕೋಣೆಯ ನಡುಮಧ್ಯ, ಮುಖದ ತನಕ ಹೊದ್ದು ಮಲಗಿದ್ದಳು.

ಜೇಡಗಳು ಇದ್ದದ್ದೂ ಹಾಗೆಯೇ. ಅಂಗೈಯಗಲದ ಕಂದು ಜೇಡ, ಮೊಟ್ಟೆಯ ಬಿಳಿ ಚೀಲವನ್ನು ಹೊಟ್ಟೆಗೆ ಅವಚಿಕೊಂಡು ಗೋಡೆಯ ಮೇಲೆ ಓಡುವುದು. ಅವ್ವ ದಿನಾ ಪೊರಕೆಯಿಂದ ಬಡಿದು ಸಾಯಿಸುತ್ತಿದ್ದಳು. ಸತ್ತ ಮೇಲೂ ಕಾಲುಗಳು ಒಂದಿಷ್ಟು ಹೊತ್ತು ಆಡುತ್ತಿದ್ದವು. ಆದರೆ ಪಡುವಣ ಗೋಡೆಗೆ ಹೊರಗಿನಿಂದ, ಸೂರಿನಿಂದ ನೆಲದ ತನಕ, ತೆಂಗಿನ ಗರಿ ಹೆಣೆದ ತಟ್ಟಿಗಳನ್ನು ಕಟ್ಟಿದ್ದರು. ಮನೆಯ ಒಡತಿ ಮುದುಕಿ, ನಾವೆಲ್ಲ ಮಾಯ್ ಅನ್ನುತ್ತಿದ್ದೆವು, ಮಳೆಗಾಲಕ್ಕೆಂದು ಕಟ್ಟಿಸಿದ್ದು ವರ್ಷವಿಡೀ ಹಾಗೇ ಉಳಿದಿತ್ತು. ಅದರ ಹಿಂದಿನ ಸಂದಿಯೇ ಜೇಡಗಳ ಊರು. ಆ ಸಂಜೆ ಅವ್ವ ಅಪ್ಪನಿಗೆ ಹೇಳಿದಳು: “ಒಳಗ ಎಷ್ಟ ಬಡದ್ರೂ ಅಷ್ಟ ರೀ. ಹೊರಗ ಅವುಕ್ಕ ಆಸರನ ಇಲ್ಲದಂಗ ಮಾಡ್ರಿ.”

ಭಾನುವಾರ ಬೆಳಿಗ್ಗೆ ಅಪ್ಪ ಕೊಯ್ತ ಎಂಬ ಬಾಗಿದ ಕತ್ತಿ ಹಿಡಿದು ಅಂಗಳಕ್ಕಿಳಿದ. ಗೋಡೆಗೆ ಒತ್ತಿಟ್ಟಿದ್ದ ಕಟ್ಟಿಗೆ ರಾಶಿಯನ್ನು ಬಾವಿಯ ಆಚೆಗೆ ಎಸೆದ. ಕಿಟಕಿಗೆ ಹಬ್ಬಿದ್ದ ಮಲ್ಲಿಗೆ ಬಳ್ಳಿಯನ್ನು ಬುಡಕ್ಕೇ ಕಡಿದ. ಹುಳಗಳನ್ನು ಕರೆಯುತ್ತಿದ್ದ ಬಾಗಿಲ ಮೇಲಿನ ಬಲ್ಬು ಬಿಚ್ಚಿದ. ಆಮೇಲೆ ತಟ್ಟಿಗೆ ಕೊಯ್ತ ಹಾಕಿ ಎಳೆದ. ಹಗ್ಗ ಹರಿದು ಅದು ಮೈಮೇಲೆ ಬಿದ್ದಾಗ ಜೇಡಗಳು ನೀರು ಸುರಿದ ಹಾಗೆ ಸುರಿದವು, ಅವನ ತೋಳು, ಎದೆ, ಕುತ್ತಿಗೆಯ ಮೇಲೆಲ್ಲ. ಅವ್ವ ಚಪ್ಪಲಿಯಿಂದ ಅಪ್ಪನ ಬೆನ್ನಿಗೇ ಹೊಡೆದಳು. “ನನ್ನ ಸಾಯಿಸ್ತಿ ಏನ?” ಅಂದ ಅಪ್ಪ. “ಒಂದ ಏಟಿಗೆ ಎರಡೂ ಹೋಗ್ಲಿ,” ಅಂದಳು ಅವ್ವ. ನಾನು ಪೊರಕೆ ಹಿಡಿದು ಬಡಿದೆ, ತುಳಿದೆ. ಮೊಟ್ಟೆಯ ಚೀಲ ಒಡೆದು ಸಣ್ಣ ಮರಿಗಳು ಚೆಲ್ಲಾಡಿದರೆ ಅವುಗಳನ್ನೂ ಕಾಲಿನಿಂದ ತೀಡಿದೆ. ಕಿತ್ತ ತಟ್ಟಿಗಳಿಗೆ ಅಪ್ಪ ಸೀಮೆಎಣ್ಣೆ ಹಾಕಿ ಕಡ್ಡಿ ಗೀರಿದಾಗ ಬೆಂಕಿ ಸೂರಿನ ಎತ್ತರಕ್ಕೆ ಎದ್ದಿತು. ಅವುಗಳೊಳಗೆ ಉಳಿದಿದ್ದ ಜೇಡಗಳು ಚಟಚಟ ಸಿಡಿದವು. ರಸ್ತೆಯಲ್ಲಿ ನಿಂತು ನೋಡುತ್ತಿದ್ದ ಅಕ್ಕ ನಕ್ಕಳು. ನನಗೂ ಅದೆಲ್ಲ ಬಹಳ ಇಷ್ಟವಾಗಿತ್ತು. ಅದನ್ನೂ ಬರೆಯಬೇಕು.

ಆಗ ಮಾಯ್ ಬಂದಳು. ತಲೆಯ ಮೇಲೆ ಹೊಸದಾಗಿ ಹೆಣೆದ ತಟ್ಟಿಗಳ ಹೊರೆ. ಬಾಡಿಗೆಯವರಿಂದಲೇ ಕಲಿತ ಕನ್ನಡ ಅವಳದು. “ಬಾಬ್, ಮಣ್ಣಿನ ಗೋಡಿ ಇದು. ಮಳಿ ಹೊಡದ್ರ ಬೀಳ್ತದ,” ಅಂದಳು ಅಪ್ಪನಿಗೆ.

“ನಮ್ಮೂರಾಗ ಮಣ್ಣಿನ ಗೋಡಿ ಮುತ್ತಜ್ಜನ ಕಾಲದಿಂದ ನಿಂತಾವ ಮಾಯ್. ಯಾವ ಗೋಡಿಗೂ ಸೀರಿ ಉಡಿಸಿಲ್ಲ.”

“ನಿಮ್ಮೂರಾಗ ಮಳಿ ಎಲ್ಲಿ ಐತಿ? ಅದು ತಂಬಿಗಿ ನೀರು.”

ಅವಳು ಹೊರೆ ಇಳಿಸಿ ತಾನೇ ಕಟ್ಟಲು ಹೋದಳು. ಅಪ್ಪ ಅದನ್ನು ಕಿತ್ತುಕೊಂಡು, ಅವಳ ಕಣ್ಣೆದುರೇ ಒಂದೊಂದನ್ನಾಗಿ ಬೆಂಕಿಗೆ ಹಾಕಿದ. ತಡೆಯಲು ಬಂದ ಮುದುಕಿಯನ್ನು ನೂಕಿದ. ಅವಳು ನೆಲಕ್ಕೆ ಕೈಯೂರಿ ಬಿದ್ದಳು, ಎದ್ದಳು, ಸೆರಗು ಕೊಡವಿಕೊಂಡು ಹೋದಳು.

ಅವ್ವನ ಉಪಾಯ ಫಲಿಸಿತು. ಹತ್ತು ದಿನದಲ್ಲಿ ಮನೆಯೊಳಗೆ ಒಂದು ಜೇಡವೂ ಕಾಣಲಿಲ್ಲ. ಅಕ್ಕ ಹಾಸಿಗೆಯನ್ನು ಕೋಣೆಯ ನಡುವಿನಿಂದ ಎಳೆದು ಪಡುವಣ ಗೋಡೆಯ ಕಿಟಕಿಯ ಕೆಳಗೆ ಹಾಕಿಕೊಂಡಳು. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಓದುವುದು ಎಷ್ಟು ಸುಖ ಎಂದು ದಿನಾ ಹೇಳುತ್ತಿದ್ದಳು. ಆಮೇಲೆ ಮಳೆ ಹಿಡಿಯಿತು. ಗೋವೆಯ ಮಳೆ ಅಡ್ಡಡ್ಡ ಬರುತ್ತದೆ, ಕಲ್ಲು ಬೀಸಿದ ಹಾಗೆ. ಎರಡು ವಾರ ಅದು ಆ ಬತ್ತಲೆ ಗೋಡೆಯನ್ನು ಹಗಲೂ ರಾತ್ರಿ ಹೊಡೆಯಿತು. ಒಂದು ದಿನ ಹಾಸಿಗೆಯ ಹಿಂದೆ ಪೆನ್ಸಿಲು ಹುಡುಕುವಾಗ ನನ್ನ ಬೆರಳು ಗೋಡೆಯೊಳಗೆ ಇಳಿಯಿತು, ಕಲಸಿದ ಹಿಟ್ಟಿನೊಳಗೆ ಇಳಿದಂತೆ. ಅಕ್ಕನಿಗೆ ತೋರಿಸಿದೆ. ಅವಳು ನನ್ನ ಕೈ ಹಿಡಿದುಕೊಂಡಳು. “ಸುಮಿ, ಅಪ್ಪಗ ಹೇಳಬ್ಯಾಡ. ಹೇಳಿದ್ರ ಮತ್ತ ತಟ್ಟಿ ಕಟ್ಟತಾರ. ಮತ್ತ ಅವು ಬರತಾವ.” ಹಾಸಿಗೆ ಸುತ್ತಿ ಅವಳು ಆ ಜಾಗಕ್ಕೇ ಆನಿಸಿಟ್ಟಳು. ನಾನು ಹೇಳಲಿಲ್ಲ.

ನಾಲ್ಕನೆಯ ದಿನ, ಮಧ್ಯಾಹ್ನ, ಅಕ್ಕ ಆ ಸುತ್ತಿದ ಹಾಸಿಗೆಗೆ ಒರಗಿ ಓದುತ್ತಿದ್ದಳು. ನಾನು ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ. ಎತ್ತು ನೆಲಕ್ಕೆ ಕುಸಿದು ಕೂತಂತೆ ಒಂದು ದಪ್ಪ ಸದ್ದು, ಹಿಂದೆಯೇ ಹೆಂಚುಗಳು. ನೋಡಿದರೆ ಗೋಡೆ ಇದ್ದಲ್ಲಿ ಬೆಳಕಿತ್ತು, ಮಳೆ ನೇರ ಒಳಗೆ ಬೀಳುತ್ತಿತ್ತು. ಅವ್ವ ಕೈಯಿಂದ ಕೆಸರು ಬಗೆದಳು. ಉಗುರು ಕಿತ್ತು ಬಂದರೂ ಬಗೆದಳು. ಅಪ್ಪ ಬರುವಷ್ಟರಲ್ಲಿ ಊರವರು ಅಕ್ಕನನ್ನು ಹೊರಗೆ ತೆಗೆದಿದ್ದರು. ಬಾಯಿಯ ತುಂಬ ಮಣ್ಣು. ಅಪ್ಪ ಅಂಗಳದ ಕಲ್ಲಿಗೆ ಹಣೆ ಚಚ್ಚಿಕೊಂಡ. ಮೂವರು ಹಿಡಿದರೂ ನಿಲ್ಲಲಿಲ್ಲ, ರಕ್ತ ಮಳೆನೀರಿನೊಂದಿಗೆ ಹರಿಯಿತು. ಮಾಯ್ ಬಂದಳು. ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಸೆರಗು ಒದ್ದೆ ಮಾಡಿ ಬಾಯಿಯ ಮಣ್ಣನ್ನು ಒರೆಸಿದಳು.

ನಿಮ್ಮ ಮನೆಯಲ್ಲೂ ಇಂಥದೊಂದು ನಡೆದಿದ್ದರೆ ಗೊತ್ತಿರುತ್ತದೆ, ಉಳಿದವರು ತಪ್ಪನ್ನು ತಂತಮ್ಮ ಒಳಗೇ ಇಟ್ಟುಕೊಳ್ಳುತ್ತಾರೆ. ಅಪ್ಪ ಸಾಯುವ ತನಕ ಗಿರಿಜಾಳನ್ನು ತಾನೇ ಕೊಂದೆ ಎಂದೇ ನಂಬಿದ್ದ. ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದು ಅದನ್ನೇ ಹೇಳುತ್ತಿದ್ದ, ನಾನು ಹೊದಿಕೆ ಸರಿಮಾಡುತ್ತಿದ್ದೆ. ಅವ್ವ ಈಗ ನನ್ನ ಜೊತೆ ಇದ್ದಾಳೆ. ಹೊರಗಿನ ತಟ್ಟಿ ಕೀಳಿಸಿದ್ದು ತಾನೇ ಎಂದು ಅವಳು ಒಮ್ಮೆ ಮಾತ್ರ, ಅಕ್ಕಿ ಆರಿಸುತ್ತ, ಮೊರದ ಕಡೆಗೇ ನೋಡಿಕೊಂಡು ಅಂದಳು. ಗೋಡೆ ಮೆತ್ತಗಾದದ್ದು ನನಗೆ ಗೊತ್ತಿತ್ತು ಎಂಬ ಮಾತನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ.