ಕೈ ಎತ್ತಿದವರು

ಕಳಲೆಯ ಚಿಕ್ಕಮಾದುವಿಗೆ ನಂಜನಗೂಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ಗುಮಾಸ್ತನ ಕೆಲಸ. ಬಂದ ಪತ್ರಕ್ಕೆಲ್ಲ ಮೊಹರು ಒತ್ತಿ, ಯಾವ ಮೇಜಿಗೆ ಹೋಗಬೇಕೋ ಅಲ್ಲಿಗೆ ಕಳಿಸುವುದು. ಇಪ್ಪತ್ತೆಂಟು ವರ್ಷಗಳಲ್ಲಿ ತಾಲ್ಲೂಕಿನ ಕಷ್ಟಸುಖವೆಲ್ಲ ಅವನ ಕೈ ದಾಟಿ ಹೋಗಿದೆ; ಅವನ ಹೆಸರಿಗೇ ಬಂದದ್ದು ಎರಡು ಮೆಮೊ ಮಾತ್ರ. ಮದುವೆಯಾಗಿಲ್ಲ. ಅಕ್ಕ ಮಂಚಮ್ಮ ಹೆಣ್ಣು ಹುಡುಕಿ ಹುಡುಕಿ, ಹೆಣ್ಣುಗಳೂ ಮುಗಿದು, ಇವನ ತಲೆಗೂದಲೂ ಮುಗಿದು, ಐವತ್ಮೂರು ತುಂಬಿತು.

ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ "ನಿನ್ನೆ ಎಲ್ ಹೋಗಿದ್ರಿ?" ಎಂಬ ಪ್ರಶ್ನೆ ಮೇಜಿನಿಂದ ಮೇಜಿಗೆ ಸಂಚಾರ ಹೊರಡುತ್ತದೆ. ಒಬ್ಬರು ಮಾವನ ಮನೆ ಎನ್ನುತ್ತಾರೆ, ಇನ್ನೊಬ್ಬರು ಬಾಡೂಟ. ಚಿಕ್ಕಮಾದುವಿನ ಮೇಜಿನ ಬಳಿಗೆ ಬಂದಾಗ ಪ್ರಶ್ನೆ ಸುತ್ತುಹಾಕಿಕೊಂಡು ಮುಂದಕ್ಕೆ ಹೋಗಿಬಿಡುತ್ತದೆ. ಉತ್ತರ ಎಲ್ಲರಿಗೂ ಗೊತ್ತಲ್ಲ: ಮನೇಲೇ ಇದ್ದೆ.

ಹಾಗಾಗಿ ಅವನು ಮೂರು ದಿನ ರಜೆ ಹಾಕಿ, ಹದಿನಾರು ವರ್ಷದ ಹಳೆಯ ಬೈಕಿನಲ್ಲಿ ದೊಡ್ಡದೊಂದು ಸುತ್ತು ಹೊರಡಲು ನಿಶ್ಚಯಿಸಿದ. ಯಾರಾದರೂ ಒಂದೇ ಒಂದು ಸಲ ಕೇಳಲಿ, ಉದ್ದಕ್ಕೆ ಉತ್ತರ ಹೇಳೋಣ ಎಂದು ಅವನ ಆಸೆ. ರಜೆ ಚೀಟಿ ತೆಗೆದುಕೊಂಡ ಮ್ಯಾನೇಜರ್ ಮಹಾದೇವಸ್ವಾಮಿ ಕೇಳಿದ್ದು ಇಷ್ಟೇ: "ಸ್ಟಾಂಪ್ ಪ್ಯಾಡ್ ಎಲ್ಲಿಟ್ಟಿದೀರಿ?"

ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹೊಕ್ಕಾಗ ಜಿಂಕೆಗಳು ಕಂಡವು. "ನೋಡ್ದಾ?" ಎಂದು ಹಿಂದಕ್ಕೆ ತಿರುಗಿಬಿಟ್ಟ. ಹಿಂದೆ ಕೂತಿದ್ದದ್ದು ಬಟ್ಟೆಯ ಬ್ಯಾಗು. ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಕನ್ನಡಿ ಸರಿಮಾಡಿದವನಂತೆ ನಟಿಸಿ ಮುಂದೆ ಹೋದ.

ಎದುರಿಗೆ ದಪ್ಪ ಜಾಕೆಟ್ಟಿನ ಬೈಕ್ ಸವಾರರು ಬರುತ್ತಿದ್ದರು. ಹತ್ತಿರವಾದೊಡನೆ ಒಬ್ಬ ಎಡಗೈ ಎತ್ತಿದ. ನಮ್ಮ ಕಡೆ ಎದುರು ಬರುವವನು ಕೈ ಎತ್ತಿದರೆ ಅರ್ಥ ಒಂದೇ: ಮುಂದೆ ಪೊಲೀಸರು ನಿಂತಿದ್ದಾರೆ. ಚಿಕ್ಕಮಾದು ಗಡಬಡಿಸಿ ಬೈಕ್ ನಿಲ್ಲಿಸಿ, ಮೊಣಕೈಗೆ ಸಿಕ್ಕಿಸಿದ್ದ ಹೆಲ್ಮೆಟ್ಟನ್ನು ತಲೆಗೆ ಏರಿಸಿದ. ಪೊಲೀಸರು ಸಿಗಲಿಲ್ಲ. ಹೆಲ್ಮೆಟ್ ತೆಗೆದು ಮತ್ತೆ ಮೊಣಕೈಗೆ ಸಿಕ್ಕಿಸಿದ. ಮತ್ತೊಬ್ಬ ಕೈ ಎತ್ತಿದ, ಮತ್ತೆ ಹಾಕಿಕೊಂಡ. ಊಟಿ, ಕೋಟಗಿರಿ ಮುಗಿಯುವವರೆಗೂ ಇದೇ ವ್ಯಾಯಾಮ.

ಮೂರನೆಯ ದಿನ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಹತ್ತಿ, ಮೇಲಿನ ಟೀ ಅಂಗಡಿಯಲ್ಲಿ ಕೂತ. ಪಕ್ಕದಲ್ಲಿ ಅಂಥದೇ ಜಾಕೆಟ್ಟಿನ ಮೈಸೂರಿನ ಸವಾರರು ನಾಲ್ಕು ಜನ ಟೀ ಕುಡಿಯುತ್ತಿದ್ದರು.

"ನಿಮ್ಮೋರು ಒಳ್ಳೇರು ಕಣಮ್ಮ," ಎಂದ ಚಿಕ್ಕಮಾದು, ಅವರಲ್ಲಿದ್ದ ಬಿಂದುಶ್ರೀ ಎಂಬುವಳಿಗೆ. "ದಾರಿ ಉದ್ದಕ್ಕೂ ಪೊಲೀಸ್ನೋರು ಅವ್ರೆ ಅಂತ ಕೈ ಎತ್ತಿ ಯೋಳ್ಕೊಂಡೇ ಬಂದ್ರು. ಒಬ್ಬ ಪೊಲೀಸೂ ಸಿಕ್ನಿಲ್ಲ, ಅದು ಬೇರೆ."

ಬಿಂದುಶ್ರೀಗೆ ಟೀ ನೆತ್ತಿಗೆ ಹತ್ತಿತು. "ಅಯ್ಯೋ ಅಂಕಲ್, ಅದು ನಮಸ್ಕಾರ! ದೂರ ಹೋಗೋರು ಒಬ್ರಿಗೊಬ್ರು ಹಂಗೆ ವಿಶ್ ಮಾಡ್ತೀವಿ. ಗುರುತು ಗಿರುತು ಏನೂ ಬೇಡ."

"ನಂಗಾ?"

"ನಿಮ್ಗೇ."

ಅವರು ನಗುನಗುತ್ತ ಘಾಟಿ ಇಳಿದು ಹೋದರು. ಚಿಕ್ಕಮಾದು ಲೆಕ್ಕ ಹಾಕುತ್ತ ಕೂತ. ಹತ್ತೊಂಬತ್ತು ಜನ ನಮಸ್ಕಾರ ಮಾಡಿದ್ದರು. ಹತ್ತೊಂಬತ್ತಕ್ಕೂ ಅವನು ಹೆಲ್ಮೆಟ್ ಹಾಕಿಕೊಂಡಿದ್ದ.

ಚಾಮರಾಜನಗರದಿಂದ ನೇರ ಬಂದರೆ ಮನೆ ಬೇಗ ಬಂದುಬಿಡುತ್ತದೆಂದು ಕೊಳ್ಳೇಗಾಲ, ತಲಕಾಡಿನ ಮೇಲೆ ಸುತ್ತಿ ಹೊರಟ. ಎದುರಾದವರಿಗೆಲ್ಲ ಕೈ ಎತ್ತಿದ. ಆದರೆ ಆ ದಾರಿಯಲ್ಲಿ ಜಾಕೆಟ್ಟಿನವರು ಎಲ್ಲಿಂದ ಬರಬೇಕು? ಕಬ್ಬಿನ ಟ್ರ್ಯಾಕ್ಟರಿನವನು ಕಣ್ಣು ಕೆಂಪಗೆ ಮಾಡಿದ. ಮುದುಕಿಯೊಬ್ಬಳು ಬಸ್ಸೆಂದು ತಿಳಿದವಳಂತೆ ತಾನೂ ಕೈ ಎತ್ತಿ, ಆಮೇಲೆ ಬೈದುಕೊಂಡಳು.

ನರಸೀಪುರದ ಕಡೆಯಿಂದ ಖಾಲಿ ಹಾಲಿನ ಕ್ಯಾನುಗಳನ್ನು ಗಡಗಡಿಸುತ್ತ ಒಂದು ಮೊಪೆಡ್ ಬಂತು. ಚಿಕ್ಕಮಾದು ಕೈ ಎತ್ತಿದ. ಮೊಪೆಡ್ ಗಕ್ಕನೆ ನಿಂತಿತು. ಹಾಲು ಹಾಕಿ ವಾಪಸಾಗುತ್ತಿದ್ದ ಮಲ್ಲಯ್ಯ ಎಂಬುವನು ಬರಿದಲೆಯ ಮೇಲೆ ಕೈಯಿಟ್ಟುಕೊಂಡು ಕೇಳಿದ:

"ಮುಂದ್ಕೆ ಪೋಲೀಸ್ನೋರು ಅವ್ರಾ ಸಾ?"

ಇಲ್ಲವೆಂದರೆ ಹೊರಟುಹೋಗುತ್ತಾನೆ. ಚಿಕ್ಕಮಾದು ಬೈಕನ್ನು ಬದಿಗೆ ಹಾಕಿದ.

"ಅವ್ರೆ," ಎಂದ. "ಅರ್ಧ ಗಂಟೆ ಬುಟ್ಟು ಓಗಪ್ಪ."

ಇಬ್ಬರೂ ಕಾಲುವೆ ಏರಿಯ ಹೊಂಗೆಮರದ ಕೆಳಗೆ ಕೂತರು. ಮಲ್ಲಯ್ಯ ಎಲೆ ಮಡಚುತ್ತ ಬ್ಯಾಗಿನ ಕಡೆ ನೋಡಿದ. "ಇಷ್ಟುದ್ದ ಬ್ಯಾಗ್ ಕಟ್ಕಂಡು ಎಲ್ಗೋಗಿದ್ರಿ ಸಾ?"

ಮೂರು ದಿನದಿಂದ ಒಪ್ಪವಾಗಿ ಜೋಡಿಸಿಟ್ಟಿದ್ದ ಉತ್ತರಕ್ಕೆ ಕೊನೆಗೂ ಸರದಿ ಬಂತು. ನೀರು ಕುಡಿದು ಶುರುಮಾಡಿದ. ಜಿಂಕೆ, ಊಟಿಯ ಚಳಿ, ಕೈ ಎತ್ತಿದವರು. ಘಾಟಿಯ ಹದಿನೆಂಟನೆಯ ತಿರುವಿಗೆ ಬರುವಷ್ಟರಲ್ಲಿ ತಲಕಾಡಿನ ಕಡೆಯಿಂದ ಒಂದೇ ಬೈಕಿನಲ್ಲಿ ಮೂರು ಜನ ಬಂದರು. ಒಬ್ಬನ ತಲೆಯಲ್ಲೂ ಹೆಲ್ಮೆಟ್ಟಿಲ್ಲ, ಮೇಲಾಗಿ ಜೋರು ಹಾಡು.

ಮಲ್ಲಯ್ಯ ಹಾಸಿ ಕೂತಿದ್ದ ಟವಲ್ಲನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತು ಅವರು ಬಂದ ದಾರಿ ನೋಡಿದ. "ಪೋಲೀಸ್ನೋರು ಒಂಟೋದ್ರು ಅಂತ ಕಾಣ್ತದೆ."

"ಇನ್ನೂ ಒಂಬತ್ತು ತಿರುವು ಅವೆ," ಎಂದ ಚಿಕ್ಕಮಾದು, ನೆಲ ನೋಡುತ್ತ.

ಮಲ್ಲಯ್ಯ ಅವನ ಮುಖವನ್ನೊಮ್ಮೆ ನೋಡಿದ. ಹೆಗಲ ಟವಲ್ಲನ್ನು ಮತ್ತೆ ಏರಿಯ ಮೇಲೆ ಹಾಸಿದ.

"ಯೋಳಿ ಸಾ."