ಹಿಂದಿನ ಸೀಟಿನ ಭಾರ

ಜಯಪುರದಲ್ಲಿ ಜೀಪುಗಳ ಭಾರ ಹೊತ್ತು ಕುಲುಕು ತಡೆಯುವ ಕಮಾನುಪಟ್ಟಿ ಬಾಗಿಸುವ ಕರಿಬಸವಯ್ಯ ಎರಡು ದಿನದಿಂದ ಒಂದೇ ಜೀಪಿನ ಅಡಿಯಲ್ಲಿದ್ದ. ಬಸರೀಕಟ್ಟೆಯ ಲೋಕೇಶನ ಜೀಪು. ದಿನಾ ಬೆಳಿಗ್ಗೆ ಅದು ಹದಿನಾಲ್ಕು ಆಳುಗಳನ್ನು ಎಸ್ಟೇಟಿಗೆ ಹೊರಬೇಕು. ವಾರಕ್ಕೆರಡು ಮಧ್ಯಾಹ್ನ ಪ್ರೇಮಕ್ಕ ಒಬ್ಬರನ್ನೇ ಡಯಾಲಿಸಿಸ್‌ಗೆಂದು ಕೊಪ್ಪಕ್ಕೆ ಒಯ್ಯಬೇಕು. ಭಾರಕ್ಕೆಂದು ಗಟ್ಟಿ ಮಾಡಿದ ಪಟ್ಟಿ ಖಾಲಿ ಜೀಪನ್ನು ಎತ್ತಿ ಒಗೆಯುತ್ತದೆ. "ಈ ಕುಲುಕಾಟಕ್ಕಿಂತ ಮನೇಲೇ ಸಾಯ್ತೀನಿ, ಇನ್ನು ಬರಲ್ಲ" ಎಂದು ಪ್ರೇಮಕ್ಕ ಹೇಳಿಬಿಟ್ಟಿದ್ದರು.

ಕರಿಬಸವಯ್ಯ ಹಳೆಯ ಪಟ್ಟಿಗಳಲ್ಲಿ ಕೆಲವನ್ನು ಕಿತ್ತು, ಮೇಲೆ ಐದು ತೆಳು ಪಟ್ಟಿ ಇಟ್ಟ, ಕೆಳಗೆ ಮೂರು ದಪ್ಪ ಪಟ್ಟಿ. ಎರಡರ ನಡುವೆ, ತುದಿಗಳಲ್ಲಿ, ಬೆರಳು ತೂರುವಷ್ಟು ಸಂದು. ಆಳುಗಳು ಹತ್ತಿ ಜೀಪು ತಗ್ಗಿದಾಗ ಮಾತ್ರ ಕೆಳಗಿನವು ತಾಗಿ ಭಾರ ಹೊರಬೇಕು.

"ಎಲ್ಲರೂ ಪಟ್ಟಿ ಸೇರಿಸ್ತಾರೆ, ನೀವು ಕಿತ್ತು ಹಾಕ್ತೀರಲ್ಲ ಮಾರಾಯ್ರೆ!" ಎಂದ ಲೋಕೇಶ.

"ಸುಮ್ನಿರೋ. ನಿನ್ನ ಜೀಪಿಗಿಂತ ಎತ್ತಿನಗಾಡಿ ವಾಸಿ."

ಪರೀಕ್ಷೆಗೆ ಹಿಂದಿನ ಸೀಟಿನಲ್ಲಿ ಐವತ್ತು ಕಿಲೋ ಮರಳಿನ ಚೀಲ ಇಟ್ಟು, ಕರಿಬಸವಯ್ಯನೇ ಓಡಿಸಿದ. ಮೂರು ವರ್ಷದ ಹಿಂದಿನವರೆಗೆ, ಪರೀಕ್ಷೆಯ ಪ್ರತಿ ಜೀಪಿನಲ್ಲೂ, ಅಲ್ಲಿ ಹೆಂಡತಿ ದಾಕ್ಷಾಯಿಣಿ ಕೂರುತ್ತಿದ್ದಳು. "ಹೇಗಿದೆ?" ಎಂದರೆ "ಅಡ್ಡಿಲ್ಲ" ಎನ್ನುತ್ತಿದ್ದಳು. ಆ ಒಂದು ಮಾತಿನ ಮೇಲೆ ಅವನು ಜೀಪುಗಳನ್ನು ಒಪ್ಪಿಸುತ್ತಿದ್ದ. ಅವಳು ತೀರಿಕೊಂಡ ಮೇಲೆ ಜೊತೆಗೆ ಬರುವವರು ಯಾರೂ ಇರಲಿಲ್ಲ.

"ಈಗ ಸರಿಯಾಯ್ತು" ಎಂದ, ಇಳಿಯುತ್ತ.

"ಚೀಲ ಹೇಳ್ತಾ? ನೀವೇ ಹಿಂದೆ ಕೂತು ನೋಡಿ."

ಮೂವತ್ತು ವರ್ಷದಲ್ಲಿ ಅವನು ಹಿಂದೆ ಕೂತವನಲ್ಲ. ಲೋಕೇಶ ಓಡಿಸಿದ. ಮೊದಲ ಗುಂಡಿಗೇ ತಲೆ ಚಾವಣಿಯ ಸರಳಿಗೆ ಬಡಿಯಿತು. ಎರಡನೆಯದಕ್ಕೆ ಬೆನ್ನುಮೂಳೆಯ ಬುಡದಲ್ಲಿ ಚುಚ್ಚಿದಂತಾಯಿತು. ದಾಕ್ಷಾಯಿಣಿ ಸಂಜೆಹೊತ್ತು ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂರುತ್ತಿದ್ದಳು. ಬಾವಿ ಸೇದಿದ ನೋವು ಎಂದುಕೊಂಡಿದ್ದ. ಕೇಳಿರಲಿಲ್ಲ.

"ತಿರುಗ್ಸು" ಎಂದ.

ತೆಳು ಪಟ್ಟಿಯಲ್ಲಿ ಇನ್ನೊಂದನ್ನು ತೆಗೆದ, ಉಳಿದವುಗಳ ತುದಿ ಉಜ್ಜಿದ. ಬುಧವಾರ ಲೋಕೇಶ ಗೋಗರೆದು ಪ್ರೇಮಕ್ಕನನ್ನು ಹತ್ತಿಸಿದ. ಕರಿಬಸವಯ್ಯ ಅವರ ಎದುರಿಗೇ ಕೂತ. ಗುಂಡಿಗಳನ್ನು ದಾಟಿದ ಮೇಲೆ "ಹೇಗಿದೆ?" ಎಂದು ಕೇಳಿದ.

"ಅಡ್ಡಿಲ್ಲ" ಎಂದರು.

"ಅದು ಬೇಡ ಪ್ರೇಮಕ್ಕ. ಎಲ್ಲಿ ನೋಯ್ತು, ಅದನ್ನ ಹೇಳಿ."

ಅವರು ಅವನ ಮುಖ ನೋಡಿದರು. "ಎಡಗಡೆ ಎರಡು ಸಲ ಎತ್ತಿ ಹಾಕ್ತು."

"ಶನಿವಾರ ಬರ್ತೀರಲ್ಲ?"

"ಎಡಗಡೇದು ಸರಿ ಮಾಡಿದ್ರೆ ಬಂದೆ."

ಕೊಪ್ಪದಲ್ಲಿ ಅವರು ಇಳಿದುಹೋದ ಮೇಲೆ ಕರಿಬಸವಯ್ಯ ಎಡಚಕ್ರದ ಪಟ್ಟಿಗೆ ಸೀಮೆಸುಣ್ಣದ ಗುರುತು ಹಾಕಿದ. ಡಯಾಲಿಸಿಸ್ ಮುಗಿಯಲು ನಾಲ್ಕು ಗಂಟೆ. ಲೋಕೇಶ ಚಹಾಕ್ಕೆ ಕರೆದ. ಅವನು ಹೋಗಲಿಲ್ಲ, ಅಷ್ಟು ಹೊತ್ತೂ ಹಿಂದಿನ ಸೀಟಿನಲ್ಲೇ ಕೂತಿದ್ದ.